ಹಿಟ್ಟು ಆರಿಸಿ ಮುಚ್ಚರಿ

ಹೆಂಗಸರು ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರೆ, ಅವರ ಬದಲಿಗೆ ಅವರ ಡಬ್ಬಿಗಳೇ ಗಿರಣಿಯ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದ ಕಾಲವದು. ಬನಹಟ್ಟಿಯ ನಮ್ಮ ಓಣಿಯಲ್ಲಿ ಅಪ್ಪನದು ಹಿಟ್ಟಿನ ಗಿರಣಿ. ಬಿಸಿ ಜೋಳದ ಹಿಟ್ಟಿನ ವಾಸನೆ ನಮ್ಮ ಹಾಸಿಗೆಯ ತನಕ ಬರುತ್ತಿತ್ತು. ಅಪ್ಪನ ಹುಬ್ಬುಗಳು ದಿನವಿಡೀ ಬೆಳ್ಳಗೆ. ಸಂಜೆ ಮುಖ ತೊಳೆದರೆ ಹತ್ತು ವರ್ಷ ಚಿಕ್ಕವನಾಗುತ್ತಿದ್ದ.

ಡಬ್ಬಿ ಕೊಡುವಾಗ ಪ್ರತಿಯೊಬ್ಬರಿಗೂ ಅವನದು ಒಂದೇ ಮಾತು: “ಹಿಟ್ಟು ಆರಿಸಿ ಮುಚ್ಚರಿ.” ಬಿಸಿ ಹಿಟ್ಟಿಗೆ ಮುಚ್ಚಳ ಬಿಗಿದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ. ಇದು ಓಣಿಯ ಬೆಕ್ಕಿಗೂ ಗೊತ್ತಿತ್ತು.

ನಾನಾಗ ಏಳನೇ ಇಯತ್ತೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದಿದ್ದೆ. ಮನೆಯಲ್ಲೂ ಎದುರಾಳಿಗಳು ಬೇಕಾಗಿದ್ದರು.

“ಅಪ್ಪಾ, ಗೊತ್ತಿದ್ದವರಿಗೆ ಗೊತ್ತಿದ್ದದ್ದನ್ನ ಹೇಳೂದು ಅವರ ಬುದ್ಧಿಗೆ ಅವಮಾನ.”

“ಹಂಗಂದ್ರ?”

“ಎಂಟು ದಿನ ಸುಮ್ನಿದ್ದು ನೋಡು. ಗೊತ್ತಿಲ್ಲದವರಿಗೆ ನಾ ಬೋರ್ಡ್ ಬರದು ಹಾಕ್ತೇನಿ.”

“ಆತವ್ವಾ ಶಾಣ್ಯಾಕಿ,” ಎಂದು ಅಪ್ಪ ಒಪ್ಪಿದ.

ಎರಡನೇ ದಿನಕ್ಕೆ ಬೋರ್ಡಿನ ಮೇಲೆ ಹಿಟ್ಟು ಕೂತು ಅಕ್ಷರಗಳೆಲ್ಲ ಮಾಯ. ಮೂರನೇ ದಿನ ಡಬ್ಬಿಗಳ ಸಾಲು ಗಿಡ್ಡವಾಯಿತು. ಐದನೇ ದಿನ ಬರೀ ಮೂರು ಡಬ್ಬಿ. ಅವ್ವ ನಳದ ಕಡೆಯಿಂದ ಸುದ್ದಿ ತಂದಳು: “ಮಲ್ಲಪ್ಪಗ ಸೊಕ್ಕ ಬಂದೈತಿ, ಮಾತಾಡ್ಸೂದಽ ಬಿಟ್ಟಾನ ಅಂತಾರ. ಎಲ್ಲಾರೂ ಬಸ್ ಸ್ಟ್ಯಾಂಡ್ ಹತ್ರದ ಹೊಸಾ ಗಿರಣಿಗೆ ಹೊಂಟಾರ.” ಅಪ್ಪ ನಿಂತ ಗಿರಣಿಯ ಪಟ್ಟಾವನ್ನು ಸುಮ್ಮನೆ ಒರೆಸುತ್ತ ಕೂತ. ನನ್ನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಕಾಶವ್ವ ಆಯಿ ಬಂದು ಡಬ್ಬಿಯನ್ನು ಕಟ್ಟೆಗೆ ಕುಕ್ಕಿದಳು.

“ಮೊಮ್ಮಗಳನ್ನ ನೋಡಾಕ ಮುಧೋಳದ ಮಂದಿ ಬಂದಿದ್ರು. ಈ ಹಿಟ್ಟಿಂದಽ ರೊಟ್ಟಿ ಬಡದು ಹಾಕಿದೆ. ಹುಡುಗನ ಅವ್ವ ಮೂಸಿ ನೋಡಿ ತಾಟ ಸರಿಸಿದ್ಲು! ನಾಳೆ ಇನ್ನೊಮ್ಮೆ ಬರ್ತಾರ, ಏನ ಹಾಕ್ಲಿ?”

ನಾನು ಮುಂದೆ ಬಂದೆ. “ಆಯಿ, ಆರಿಸಿ ಮುಚ್ಚಬೇಕಂತ ನಿನಗ ಗೊತ್ತಿರಲಿಲ್ಲೇನು?”

“ನಿಮ್ಮಪ್ಪ ಹುಟ್ಟೂಕಿಂತ ಮೊದಲಽ ಗೊತ್ತಿತ್ತು!”

“ಮತ್ತ ಬಿಸೀದು ಯಾಕ ಮುಚ್ಚಿದಿ?”

“ಅವ ಹೇಳಲಿಲ್ಲಲೇ!”

ಯಾವ ತೀರ್ಪುಗಾರರಿದ್ದರೂ ಗೆಲುವು ನನ್ನದೇ. ಆದರೆ ಅಲ್ಲಿ ತೀರ್ಪುಗಾರರು ಇರಲಿಲ್ಲ, ಗಿರಾಕಿಯೂ ಒಬ್ಬಳೇ ಇದ್ದಳು. ಅಪ್ಪ ಆ ಹಿಟ್ಟನ್ನು ಎಮ್ಮೆಗೆ ತೆಗೆದಿಟ್ಟು, ನಮ್ಮ ಮನೆಯ ಜೋಳ ಸುರಿದು ಬೀಸಿ, ಡಬ್ಬಿ ತುಂಬಿಕೊಟ್ಟ. ನನ್ನ ಕಡೆ ಒಮ್ಮೆ ಕಳ್ಳನಂತೆ ನೋಡಿ, “ಆಯೀ, ಹಿಟ್ಟು ಆರಿಸಿ ಮುಚ್ಚರಿ,” ಎಂದ.

“ಗೊತ್ತೈತಿ ಹೋಗೋ, ನನಗ ಹೇಳಾಕ ಬಂದ!” ಎಂದು ಗದರಿದ ಆಯಿಯ ಮುಖ ಅರಳಿತ್ತು. ಓಣಿಗೆಲ್ಲ ಅವಳೇ ಸಾರಿದಳು. ಸಂಜೆಯೊಳಗೆ ಡಬ್ಬಿಗಳು ಮರಳಿದವು. “ಸಿಟ್ಟ ಇಳೀತೇನೋ ಮಲ್ಲಪ್ಪಾ?” ಎಂದು ಕೇಳಿದವರಿಗೆಲ್ಲ ಅಪ್ಪ ಅದೇ ಮಾತು ಹೇಳಿ ಕಳಿಸಿದ. ಮುಧೋಳದವರೂ ಮರುದಿನ ಎರಡೆರಡು ರೊಟ್ಟಿ ಉಂಡು ಹೂಂ ಅಂದರು.

ಈಗ ಆ ಓಣಿಯಲ್ಲಿ ಮನೆಮನೆಗೂ ಪುಟ್ಟ ಗಿರಣಿ. ಅಪ್ಪ ನಮ್ಮದನ್ನು ಮಾರಿದ. ನಾನಿರುವ ಜಮಖಂಡಿಯ ಗಿರಣಿಯವನು ಕಿವಿಗೆ ಹಾಡು ಸಿಕ್ಕಿಸಿಕೊಂಡು ಬೀಸುತ್ತಾನೆ. ಹಿಟ್ಟೇನೋ ನುಣ್ಣಗೇ ಇರುತ್ತದೆ. ಮೊನ್ನೆ ಡಬ್ಬಿ ಕೈಗೆ ಬಂದ ಮೇಲೂ ನಾನು ನಿಂತೇ ಇದ್ದೆ. ಅವನು ಒಂದು ಕಿವಿ ಬಿಚ್ಚಿ ಕೇಳಿದ:

“ಇನ್ನೇನರ ಬೇಕಾಗಿತ್ತೇನ್ರಿ ಅಕ್ಕಾರ?”

“ಏನಿಲ್ರಿ,” ಎಂದೆ. ಮುಚ್ಚಳವನ್ನು ಕೈಯಲ್ಲೇ ಹಿಡಿದು ಮನೆಗೆ ನಡೆದೆ.