ಗಾಳದ ಕೋಲನ್ನು ಅಲ್ಲಾಡಿಸಿ ನೋಡುವ ವಿದ್ಯೆ

ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸದೆ ಕೊಳ್ಳುವ ಧೈರ್ಯ ನಿಮಗಿದೆಯೇ? ನನಗಿಲ್ಲ. ಇಂಗ್ಲೆಂಡಿನ ನಮ್ಮ ರೇನರ್ಸ್ ಲೇನಿನ ಅಂಗಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಅಲ್ಲಾಡಿಸುತ್ತ ಬಂದಿದ್ದೇನೆ. ಒಳಗಿನ ನೀರು ಗುಳುಗುಳು ಎಂದು ಏನೋ ನಿವೇದಿಸಿಕೊಳ್ಳುತ್ತದೆ, ನಾನು ಸಕಲಶಾಸ್ತ್ರ ಬಲ್ಲವನಂತೆ ತಲೆದೂಗುತ್ತೇನೆ, ಮನೆಗೆ ತಂದು ಒಡೆದರೆ ಕೊಳೆತಿರುತ್ತದೆ. ಈ ವ್ಯಾಧಿ ನಮ್ಮವರದು ಮಾತ್ರವಲ್ಲವೆಂದು ತಿಳಿದದ್ದು ಗಾಳದ ಕೋಲು ಮಾರುವ ಅಂಗಡಿಗೆ ಹೋದ ಮೇಲೆ. ಅಲ್ಲಿಯೂ ಬಂದವರೆಲ್ಲ ಕೋಲನ್ನೆತ್ತಿ ಗಾಳಿಯಲ್ಲೊಮ್ಮೆ ಅಲ್ಲಾಡಿಸಿ, "ಹ್ಞೂಂ" ಎಂದು ಕೆಳಗಿಡುತ್ತಾರೆ. ನಾನೂ ಅಲ್ಲಾಡಿಸಿದೆ. ಛಾವಣಿಯ ದೀಪವೊಂದು ಕೂದಲೆಳೆಯಲ್ಲಿ ಪಾರಾಯಿತು.

ಶಾಕಾಹಾರಿಗೆ ಅಲ್ಲೇನು ಕೆಲಸವೆಂದು ಕೇಳುತ್ತೀರಿ. ನನ್ನ ಹೆಂಡತಿ ಶಾರದೆಯೂ ಶಾಕಾಹಾರಿಯೇ. ಧಾರವಾಡದವಳು, ಇಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯೆ. ವಾರವೆಲ್ಲ ಜನರನ್ನು ಮಲಗಿಸಿ ಎಬ್ಬಿಸುವವಳು ರಜೆಯ ದಿನ ಮೀನನ್ನು ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೆ ಬಿಡುತ್ತಾಳೆ. "ಹಿಡಿದು ಬಿಡೂದಾದ್ರ ಹಿಡೀಬೇಕ್ಯಾಕ?" ಎಂಬ ನನ್ನ ಅತ್ತೆಯ ಪ್ರಶ್ನೆ ಪ್ರತಿ ಭಾನುವಾರ ಫೋನಿನಲ್ಲಿ ಬರುತ್ತದೆ. ಉತ್ತರ ಇನ್ನೂ ಹೋಗಿಲ್ಲ.

ಎರಡು ವರ್ಷಗಳ ಹಿಂದೆ ಶಾರದೆಯ ಬಲಭುಜದ ಸ್ನಾಯು ಹರಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೂ ಬಹುಕಾಲ ಕೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ. ಸುಮಾರು ಒಂದು ವರ್ಷ ಅವಳ ಜಡೆ ಹೆಣೆದವನು ನಾನು. ಅಂಥ ವಕ್ರ ಜಡೆಗಳನ್ನು ನಾವಿರುವ ಹ್ಯಾರೋ ಸೀಮೆ ಹಿಂದೆ ಕಂಡಿರಲಾರದು. ಕೈ ಮೆಲ್ಲಗೆ ಏಳತೊಡಗಿದಾಗ ಕೆನಡಾದಲ್ಲಿರುವ ಅವಳ ಅಕ್ಕನಿಂದ ಒಂದು ಡಬ್ಬಿ ಬಂತು. ಒಳಗೆ ಲಟ್ಟಣಿಗೆಯ ಗಾತ್ರದ, ಹೊಟ್ಟೆಗೆ ಮೂರು ಮೊನೆಯ ಕೊಕ್ಕೆಗಳನ್ನು ತೊಟ್ಟ, ನಿಜವಾದ ಮೀನನ್ನು ಮರುಳು ಮಾಡುವ ಮರದ ಮೀನು. ಜೊತೆಗೊಂದು ಚೀಟಿ: ಶರತ್ಕಾಲಕ್ಕೆ ಬಾ, ಮಸ್ಕಿ ಹಿಡಿಯೋಣ. ರಾಯಚೂರು ಸೀಮೆಯ ಮಸ್ಕಿ ಊರಲ್ಲ. ನಮ್ಮ ಇಂಗ್ಲೆಂಡಿನ ಪೈಕ್ ಮೀನಿನ ದೊಡ್ಡಣ್ಣನಂಥ ಅಲ್ಲಿಯ ಕೆರೆಗಳ ಮೀನು. ಸಾವಿರಾರು ಸಲ ಗಾಳ ಎಸೆದರೆ ಒಮ್ಮೆ ಬಾಯಿ ಹಾಕುತ್ತದಂತೆ. ಎಸೆಯಬಲ್ಲೆನೇ ಎಂದು ಶಾರದೆ ಯಾರನ್ನೂ ಕೇಳಲಿಲ್ಲ. ಮರದ ಮೀನನ್ನು ಮಾತ್ರ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡಳು. ಇಲ್ಲಿಯೇ ಪೈಕಿನ ಮೇಲೆ ಅಭ್ಯಾಸ ಮಾಡಿ ನೋಡುತ್ತೇನೆ, ಭುಜ ಒಪ್ಪಿದರೆ ಕೆನಡಾ ಎಂದಳು. ಅದಕ್ಕೆ ತಕ್ಕ ಕೋಲು ಬೇಕಿತ್ತು.

ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಮುಂಬರಬಹುದಾದ ಅನರ್ಥಗಳನ್ನು ಊಹಿಸುವುದೇ ನನ್ನ ಉದ್ಯೋಗ. ಹುಟ್ಟುಗುಣಕ್ಕೆ ಸಂಬಳ ಕೊಡುವ ಇಲಾಖೆ ಲೋಕದಲ್ಲಿ ಅದೊಂದೇ ಇದ್ದೀತು. ಮೂರು ವಾರ ಅಧ್ಯಯನ ಮಾಡಿ, ಅವಳ ಹುಟ್ಟುಹಬ್ಬಕ್ಕೆಂದು ಗುಟ್ಟಾಗಿ, ಅಂಗಡಿಯಲ್ಲೇ ಅತ್ಯಂತ ಗಿಡ್ಡನೆಯ, ಹಗುರಾದ ಕೋಲನ್ನು ಆರಿಸಿ ತಂದೆ. ಹಗುರಾದ ಕೋಲು, ಭುಜಕ್ಕೆ ಹಗುರ: ತರ್ಕ ನಿರ್ದುಷ್ಟವಾಗಿತ್ತು.

ಶಾರದೆ ದಾರದ ತುದಿಗೆ ಮರದ ಮೀನನ್ನು ಕಟ್ಟಿದಳು. ಕೋಲು ಸಾಷ್ಟಾಂಗ ನಮಸ್ಕಾರಕ್ಕೆ ಸಿದ್ಧವಾದಂತೆ ಬಾಗಿತು. ಹಿಡಿಯ ಮೇಲಿನ ಸಣ್ಣ ಅಕ್ಷರಗಳನ್ನು ಅವಳು ಓದಿದಳು: ಎರಡು ಔನ್ಸಿಗಿಂತ ಹೆಚ್ಚಿನದನ್ನು ಎಸೆಯಬಾರದು. ನಮ್ಮ ಮೀನು ಎಂಟು ಔನ್ಸು.

"ಏನ್ರೀ, ಇದನ್ನ ಮೀನು ಹಿಡೀಲಿಕ್ಕೆ ತಂದೀರೋ, ನನ್ನ ಮನ್ಯಾಗ ಕೂಡಸ್ಲಿಕ್ಕೆ ತಂದೀರೋ?"

ನಾನು ಆ ಸಣ್ಣ ಅಕ್ಷರಗಳನ್ನು ಮತ್ತೊಮ್ಮೆ ಓದಿದೆ.

"ಜನ್ಮಪೂರ್ತಿ ನನ್ನ ಜಡಿ ಹೆಣೀಬೇಕಂತ ಮಾಡೀರೇನು?"

ನಗುತ್ತಲೇ ಹೇಳಿದಳು, ಆದರೆ ಮರದ ಮೀನು ಅಂದು ಡಬ್ಬಿಗೆ ಮರಳಿತು. ನೋವಿನಿಂದ ಅವಳನ್ನು ಕಾಯುವ ಭರದಲ್ಲಿ ಅವಳ ಆಸೆಗೇ ಕಾವಲು ಹಾಕಿದ್ದೆನೆಂದು ಆಗ ಹೊಳೆಯಿತು.

ಮರುವಾರ ಇಬ್ಬರೂ ಆ ಕೋಲು ಮತ್ತು ಡಬ್ಬಿಯ ಸಮೇತ ಅಂಗಡಿಗೆ ಹೋದೆವು. ಬಿಳಿಗೂದಲಿನ ಯಜಮಾನಿ ಕೋಲನ್ನೂ ನನ್ನನ್ನೂ ನೋಡಿ, "ಎಸೆಯುವ ಕೈ ಯಾರದು, ಲವ್?" ಎಂದಳು; ಇಲ್ಲಿಯ ಅಂಗಡಿಯವರಿಗೆ ಗಿರಾಕಿಗಳೆಲ್ಲ 'ಲವ್'ಗಳೇ. ಶಾರದೆಯತ್ತ ಬೆರಳು ಮಾಡಿದೆ.

"ಹಾಗಾದರೆ ಅಲ್ಲಾಡಿಸಿದ್ದು ನೀನ್ಯಾಕೆ?"

ಒಂಬತ್ತಡಿಯ ದಪ್ಪ ಕೋಲೊಂದನ್ನು ತೆಗೆದು, ದಾರದ ರೀಲು ಕೂಡಿಸಿ, ನಮ್ಮ ಮೀನನ್ನೇ ತೂಗುಬಿಟ್ಟು ಶಾರದೆಯ ಕೈಗಿತ್ತಳು. ಹಿಡಿ ಉದ್ದವಿದ್ದರೆ ಎರಡು ಕೈಗಳೂ ಭಾರ ಹಂಚಿಕೊಳ್ಳುತ್ತವೆ. ತೀರ ಮೆದುವಾದ ಕೋಲು ಭಾರಕ್ಕೆ ಕುಸಿಯುತ್ತದೆ. ತೀರ ಬಿಗಿಯಾದದ್ದು ಎಸೆಯುವ ಕೆಲಸವನ್ನೆಲ್ಲ ಭುಜಕ್ಕೇ ಬಿಡುತ್ತದೆ. "ಬಾಗಬೇಕಾದ್ದು ಕೋಲು, ಇವಳಲ್ಲ" ಎಂದು ಮುಗಿಸಿದಳು. ನಾನು ಮೂರು ವಾರ ಓದಿದ್ದರಲ್ಲಿ ಈ ವಾಕ್ಯವಿರಲಿಲ್ಲ.

ಭಾನುವಾರ ಬೆಳಿಗ್ಗೆ ಊರಾಚೆಯ ಕೆರೆಯ ಕಟ್ಟೆಯ ಮೇಲೆ ಅವಳು ನಿಂತಳು. ನಾನು ಹತ್ತು ಹೆಜ್ಜೆ ಹಿಂದೆ, ನೋವಿನ ಮುಲಾಮು ಮತ್ತು ಫ್ಲಾಸ್ಕಿನ ಸಮೇತ. ಅವಸರವಿಲ್ಲದೆ ಎರಡೂ ಕೈಗಳಿಂದ ಕೋಲನ್ನು ಹಿಂದಕ್ಕೆ ತಂದಳು. ಮರದ ಮೀನಿನ ಭಾರಕ್ಕೆ ಅದು ಬಿಲ್ಲಾಯಿತು. ನಾನು ಕಣ್ಣು ಮುಚ್ಚಿದೆ. ದೂರದಲ್ಲೆಲ್ಲೋ 'ಧಪ್' ಎಂದಿತು. ಕಣ್ಣು ಬಿಟ್ಟಾಗ ಅವಳು ರೀಲು ಸುತ್ತುತ್ತಿದ್ದಳು. ದಡಕ್ಕೆ ಬಂದ ಮರದ ಮೀನನ್ನು ತಟ್ಟನೆ ಎತ್ತದೆ ನೀರಿನಲ್ಲೇ ಎರಡು ಸುತ್ತು ಅಡ್ಡಾಡಿಸಿದಳು. ಅದನ್ನು ಹಿಂಬಾಲಿಸಿ ಬಂದ ನಿಜವಾದ ಮೀನು ಕೊನೆಯ ಗಳಿಗೆಯಲ್ಲಿ ಬಾಯಿ ಹಾಕಲು ಮನಸ್ಸು ಮಾಡುವುದುಂಟಂತೆ. ಯಾವ ಮೀನೂ ಮನಸ್ಸು ಮಾಡಲಿಲ್ಲ. ಮತ್ತೆ ಎಸೆದಳು. ಮತ್ತೆ.

"ಕೇಳ್ರಿ, ಕೇಳಬೇಕಂತ ಒದ್ದಾಡ್ಲಿಕ್ಕತ್ತೀರಲ್ಲ" ಎಂದಳು, ತಿರುಗದೆಯೇ.

"ಭುಜ ನೋವು ಅದ ಏನು?"

"ಇಲ್ಲ. ನಿಮ್ಮದು?"

ನೋಡಿಕೊಂಡೆ: ಎಡಗೈಯಲ್ಲಿ ನನ್ನ ಬಲಭುಜವನ್ನೇ ಭದ್ರವಾಗಿ ಅವುಚಿಕೊಂಡಿದ್ದೆ.

ಚಹ ಕುಡಿಯಲು ಕೂತಾಗ ಕೋಲನ್ನು ನನ್ನ ಕೈಗೆ ಕೊಟ್ಟಳು. ಅಭ್ಯಾಸಬಲ, ಒಮ್ಮೆ ಅಲ್ಲಾಡಿಸಿದೆ. ತುದಿಯಲ್ಲಿ ಈಗ ಎಂಟು ಔನ್ಸು ಭಾರವಿತ್ತು. ಕೋಲು ನಿಧಾನವಾಗಿ ಬಾಗಿ, ನಿಧಾನವಾಗಿ ಎದ್ದಿತು. "ಹ್ಞೂಂ" ಎಂದೆ. ಪಕ್ಕದಲ್ಲಿ ಶಾರದೆ ಎರಡೂ ಕೈಗಳನ್ನು ತಲೆಯ ಹಿಂದೆ ಎತ್ತಿ, ಗಾಳಿಗೆ ಬಿಚ್ಚಿಹೋಗಿದ್ದ ಜಡೆಯನ್ನು ತಾನೇ ಹೆಣೆದುಕೊಳ್ಳುತ್ತಿದ್ದಳು.