ದೀಪ ಹಚ್ಚಿದ ಮೇಲೆ ಕ್ರೀಮ್ ಕೊಡಬಾರದಂತೆ

ಗೆಳೆಯರೇ, ತಲೆ ಕೆಟ್ಟು ಕೂತಿದ್ದೇನೆ. ನನ್ನ ಹೊಸ ಕ್ರೀಮಿನಲ್ಲಿ ಏನಿದೆ ಎಂದು ಬೆಳಿಗ್ಗೆ ಅಮ್ಮ ಕೇಳಿದಾಗ, "ಹಾಲನ್ನ ಮೊಸರು ಮಾಡೋ ಬ್ಯಾಕ್ಟೀರಿಯಾ" ಅಂದಿದ್ದೆ.

ಸಂಜೆ ಕ್ರೋಂಪೇಟೆಯ ನಮ್ಮ ಫ್ಲಾಟಿಗೆ ಎದುರುಮನೆ ಮಾಮಿ ಮಗಳೊಂದಿಗೆ ಬಂದರು. ನಾಳೆ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. "ಅಕ್ಕಾ, ಕೊಂಚಂ ಕ್ರೀಮ್ ಕುಡುಂಗ" ಎಂದು ಅವಳು ತಮಿಳಿನಲ್ಲಿ ಸ್ವಲ್ಪ ಕ್ರೀಮ್ ಕೇಳಿದಳು.

ಮುಚ್ಚಳ ತೆಗೆಯುವಷ್ಟರಲ್ಲಿ ಅಮ್ಮ ಡಬ್ಬಿ ಕಿತ್ತುಕೊಂಡಳು. "ದೀಪ ಹಚ್ಚಾಯ್ತು ಕಣೇ! ಹೆಪ್ಪು ಮನೆಯಿಂದ ಆಚೆ ಹೋಗ್ಬಾರ್ದು."

"ಅಮ್ಮಾ, ಇದು ಮುಖಕ್ಕೆ ಹಚ್ಚೋದು!"

"ಹೆಪ್ಪು ಹೆಪ್ಪೇ. ನೀನೇ ತಾನೇ ಹೇಳಿದ್ದು?"

ಮಾಮಿ ನಗುತ್ತಾರೆ ಅಂದುಕೊಂಡರೆ, "ಕರೆಕ್ಟ್ ದಾನ್" ಎಂದು ಅಮ್ಮನ ಮಾತೇ ಸರಿ ಅಂತ ಒಪ್ಪಿ ಮಗಳನ್ನೇ ಗದರಿದರು. ಬೆಳಕು ಹರಿದ ಮೇಲೆ ಕೊಡುವುದೆಂದು ಇಬ್ಬರೂ ತೀರ್ಮಾನಿಸಿದರು.

ಈಗ ಡಬ್ಬಿ ತಿರುಗಿಸಿ ಓದಿದೆ. ಅದನ್ನು ರಾತ್ರಿ ಮಾತ್ರ ಹಚ್ಚಿಕೊಳ್ಳಬೇಕಂತೆ.