ಲೋರ್ನಾ ಬರೆದ ನಡಾವಳಿ

ನ್ಯೂ ಇಂಗ್ಲೆಂಡಿನ ನಮ್ಮ ಪುಟ್ಟ ಊರಿಗೆ ಲೋರ್ನಾ ಪೆಲ್ಕಿ ಇಪ್ಪತ್ತೆಂಟು ವರ್ಷದಿಂದ ಗುಮಾಸ್ತೆ. ಅವಳಿಗೆ ಇವರು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಊರಿನ ರಸ್ತೆ ರಿಪೇರಿ ಮಾಡುವವನು ನಾನು. ಎಲ್ಲವನ್ನೂ ಕಣ್ಣಾರೆ ಕಂಡವನು.

ಹಿಂದೆ ಊರಿನ ಮಂಡಳಿಯ ಮೂವರು ಕಾಫಿ ಕುಡಿಯುತ್ತಲೇ ಊರಿನ ಜಲ್ಲಿ ತೆಗೆಯುವ ಗುಂಡಿಯನ್ನು ತಮ್ಮಲ್ಲೊಬ್ಬನ ಭಾವಮೈದುನನಿಗೆ ಬರೆದುಕೊಟ್ಟಿದ್ದರು. ಆಗ ರಂಪ ಎಬ್ಬಿಸಿ ಹೊಸ ನಿಯಮ ತರಿಸಿದವಳು ಲೋರ್ನಾ. ಮೂರು ಕಡೆ ನೋಟಿಸು ಅಂಟಿಸಬೇಕು, ಒಂದು ದಿನ ಕಾಯಬೇಕು, ಜನರೆದುರೇ ಸಭೆ ನಡೆಯಬೇಕು. ಇಬ್ಬರು ಸದಸ್ಯರು ದಾರಿಯಲ್ಲಿ ಸಿಕ್ಕರೂ ಊರಿನ ಕೆಲಸ ಮಾತಾಡುವಂತಿಲ್ಲ.

ಈ ಮಾರ್ಚಿನಲ್ಲಿ ಹಿಮ ಕರಗಿ, ಒಂದು ಸೋಮವಾರ ಹಳ್ಳದ ಸೇತುವೆಯ ತೊಲೆ ಬಿರುಕು ಬಿಟ್ಟಿತು, ಮೇಲೆ ಗಾಡಿ ಓಡಿಸುವಂತಿರಲಿಲ್ಲ. ಹಳ್ಳದಾಚೆ ಆಲ್ಮಾ ರಾಯ್ಸ್ ಇದ್ದಾಳೆ. ಅವಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಸುತ್ತುದಾರಿಯಲ್ಲಿ ಗಾಲಿ ಮುಳುಗುವಷ್ಟು ಕೆಸರು, ಮಂಗಳವಾರದ ಸರದಿ ತಪ್ಪೇಹೋಯಿತು. ಮಂಡಳಿಯ ಮೂವರೂ ಬಂದು ಬಿರುಕು ನೋಡಿದರು. ನೋಡಿ ಮಾತಾಡಿದ್ದು ಏನು ಗೊತ್ತೇ? ಈ ವರ್ಷದ ಮೇಪಲ್ ಮರದ ಸಿಹಿ ಪಾಕದ ರುಚಿ! ಸಭೆಯ ಹೊರಗೆ ಸೇತುವೆಯ ಮಾತೆತ್ತುವಂತಿಲ್ಲವಂತೆ.

ನೋಟಿಸು ಅಂಟಿಸಿ, ಮಂಗಳವಾರ ಸಂಜೆ ಸಭೆ ಸೇರಿ, ತಾತ್ಕಾಲಿಕ ಕಬ್ಬಿಣದ ಸೇತುವೆಗೆ ಒಪ್ಪಿದರು. ಮರುದಿನ ಬೆಳಿಗ್ಗೆ ಮಂಡಳಿಯ ಅಧ್ಯಕ್ಷ ವಿಟ್‌ಕಾಂಬ್ ಲೋರ್ನಾಳ ಕಚೇರಿಗೆ ಬಂದ. ನಾನೂ ಅಲ್ಲೇ ಇದ್ದೆ.

"ಮೂರನೇ ನೋಟಿಸು ಅಂಗಡಿ ಒಳಗಿದೆ. ಅಂಗಡಿಗೋ ಬೀಗ, ಅದನ್ನ ಯಾರೂ ನೋಡಿಲ್ಲ. ನಿನ್ನೆ ಸಭೆ ನಡೆದೇ ಇಲ್ಲ ಅಂತ ಲೆಕ್ಕ. ಹೊಸ ನೋಟಿಸು ಹಾಕಿ ಶುಕ್ರವಾರ ಮತ್ತೆ ಸೇರೋಣ."

"ತುರ್ತು ಸಭೆ ಅಂತ ಬರೆದು ಇವತ್ತೇ ಕರೆಯೋ, ಅದಕ್ಕೆ ಕಾಯೋದು ಬೇಕಿಲ್ಲ!"

"ಸೇತುವೆ ಇನ್ನೂ ಬಿದ್ದಿಲ್ವಲ್ಲ ಲೋರ್ನಾ, ತುರ್ತು ಅಂತ ಹೇಗೆ ಬರೆಯೋದು?"

"ಬೀಳ್ಲಿ ಅಂತ ಕಾಯ್ತಿದೀಯಾ? ನಾಳೆನೂ ತಪ್ಪಿದ್ರೆ ಆಲ್ಮಾ ಉಳಿಯಲ್ಲ ಕಣೋ!"

"ಈ ನಿಯಮ ಬೇಕು ಅಂತ ಕುಣಿದವಳು ನೀನೇ ತಾನೆ?"

"ಕದಿಯೋರನ್ನ ಹಿಡಿಯೋಕೆ ಕೇಳಿದ್ದು. ನೀವು ಕೈಕಟ್ಟಿ ಕೂರೋಕಲ್ಲ."

ಅವನು ಟೋಪಿ ಹಾಕಿಕೊಂಡು ಹೊರಟ. ಲೋರ್ನಾ ಕಂಟ್ರಾಕ್ಟರ್‌ಗೆ ಫೋನ್ ಮಾಡಿ, ಸೇತುವೆ ತರಿಸುವ ಕಾಗದಕ್ಕೆ ತಾನೇ ಸಹಿ ಹಾಕಿದಳು. ಆಮೇಲೆ ಮೂರು ಕಡೆಯೂ, ಈ ಸಲ ಅಂಗಡಿಯದನ್ನು ಬಾಗಿಲಿನ ಹೊರಗೇ, ನೋಟಿಸು ಅಂಟಿಸಿದಳು: "ಸೇತುವೆ ತರಿಸಿದವಳು ನಾನು. ಯಾರನ್ನೂ ಕೇಳಿಲ್ಲ. ಶುಕ್ರವಾರ ಸಂಜೆ ಆರಕ್ಕೆ ಬಂದು ನನ್ನನ್ನು ಪ್ರಶ್ನಿಸಿ." ಸಂಜೆಯೊಳಗೆ ನಾವು ಸೇತುವೆ ಕೂರಿಸಿದೆವು. ಗುರುವಾರ ಬೆಳಿಗ್ಗೆ ಆಲ್ಮಾಳ ಆಂಬುಲೆನ್ಸ್ ಅದರ ಮೇಲೇ ಹೋಯಿತು.

ಶುಕ್ರವಾರದ ಸಭೆಯಲ್ಲಿ ಆಲ್ಮಾ ಹೇಗಿದ್ದಾಳೆಂದು ಆ ಮೂವರಲ್ಲಿ ಒಬ್ಬನೂ ಕೇಳಲಿಲ್ಲ, ನಾಚಿಕೆಗೆಟ್ಟವರು! ಗುಮಾಸ್ತೆಗೆ ಛೀಮಾರಿ ಹಾಕಬೇಕೆಂದು ವಿಟ್‌ಕಾಂಬ್ ಠರಾವು ಓದತೊಡಗಿದ. ಸಭೆಯ ನಡಾವಳಿ ಬರೆಯುವವಳು ಅದೇ ಗುಮಾಸ್ತೆ. ನಾನು ಎದ್ದು ಕೂಗಾಡಿದೆ. ಲೋರ್ನಾ ಕೈಸನ್ನೆಯಲ್ಲೇ ನನ್ನನ್ನು ಕೂರಿಸಿದಳು, ಪುಸ್ತಕದಿಂದ ತಲೆ ಎತ್ತಲಿಲ್ಲ.

"ಸ್ವಲ್ಪ ನಿಧಾನ ಓದು ವಿಟ್‌ಕಾಂಬ್," ಅಂದಳು. "ಒಂದು ಪದಾನೂ ಬಿಟ್ಟುಹೋಗಬಾರದು."